ಕೇಳಿ ಹಾಡಿದವರು: ಉಸ್ತಾದ್ ಅಬ್ದುಲ್ ಕರೀಂ ಖಾನ್

ಕಿರಾನಾ ಘರಾಣೆಯ ಹೆಸರನ್ನು ದಕ್ಷಿಣಕ್ಕೆ ತಂದ ಉಸ್ತಾದ್ ಅಬ್ದುಲ್ ಕರೀಂ ಖಾನರು ಹುಟ್ಟಿದ್ದು 1872ರಲ್ಲಿ, ಈಗಿನ ಉತ್ತರ ಪ್ರದೇಶದ ಕೈರಾನಾದಲ್ಲಿ. ಮನೆತನವೇ ಸಂಗೀತದ್ದು. ಬರೋಡೆಯ ಆಸ್ಥಾನದಲ್ಲಿ ಕೆಲಕಾಲ ಇದ್ದು, ಮುಂದೆ ಮಿರಜದಲ್ಲಿ ನೆಲೆಸಿದರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು.

ಮೈಸೂರು ಅರಮನೆಗೆ ಹಾಡಲು ಹೋಗಿಬರುವಾಗ ಖಾನ್ ಸಾಹೇಬರು ಧಾರವಾಡದಲ್ಲಿ ಇಳಿದುಕೊಳ್ಳುತ್ತಿದ್ದರು. ಆಗ ಅಂಬಾಬಾಯಿಯವರ ಮನೆಗೂ ಬರುತ್ತಿದ್ದರು. ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ, ಗಂಗೂಬಾಯಿ ಹಾನಗಲ್ಲರ ತಾಯಿ. ಅಷ್ಟು ಹೆಸರಾದ ಉಸ್ತಾದರು ಅಲ್ಲಿಗೆ ಬರುತ್ತಿದ್ದದ್ದು ಆಕೆಯ ಹಾಡು ಕೇಳುವುದಕ್ಕೆ. ಬೇರೆ ಪದ್ಧತಿಯದೆಂದು ದೂರ ಇಡಲಿಲ್ಲ. ಹೀಗೆ ಕಿವಿಗೆ ಬಿದ್ದದ್ದು ಕಂಠಕ್ಕೂ ಇಳಿಯಿತು: ಅವರ ಸರಗಮ್‌ನಲ್ಲಿ ದಕ್ಷಿಣದ ಸ್ವರಗಾಯನದ ಛಾಯೆಯಿದೆ, ತ್ಯಾಗರಾಜರ ಕೃತಿಯನ್ನೂ ಅವರು ಧ್ವನಿಮುದ್ರಿಸಿದ್ದಾರೆ.

ಅವರ ಗಾಯನದ ಜೀವಾಳ ನಿಧಾನವಾದ ಆಲಾಪ. ತಂಬೂರಿಯ ನಾದದೊಳಗೆ ಒಂದು ಸ್ವರವನ್ನು ಇಟ್ಟು, ಅದು ತುಂಬಿಕೊಳ್ಳುವವರೆಗೆ ಮುಂದಿನ ಸ್ವರಕ್ಕೆ ಹೋಗುತ್ತಿರಲಿಲ್ಲ. ಕೇಳುವವನ ಕಿವಿ ಅಷ್ಟರಲ್ಲಿ ತಾನಾಗಿ ಮುಂದಿನ ಸ್ವರವನ್ನು ಹುಡುಕತೊಡಗುತ್ತದೆ. ಅದು ತಡವಾದರೆ ಒಳಗೊಂದು ತಹತಹ, ಬಂದು ಕೂತಾಗ ಹಿಗ್ಗು. ರಾಗದ ಹೆಸರು ಗೊತ್ತಿಲ್ಲದವರಿಗೂ ಇದು ಆಗುತ್ತದೆ; ಆದರೆ ಕಾದು ಕೇಳಿದವರಿಗೆ ಮಾತ್ರ.

ಝಿಂಝೋಟಿ ರಾಗದ ಅವರ ವಿರಹದ ಠುಮ್ರಿಯನ್ನೇ ತೆಗೆದುಕೊಳ್ಳಿ. ಹಳೆಯ ಗ್ರಾಮಫೋನ್ ತಟ್ಟೆ, ಮೂರು ನಿಮಿಷದ ಆಚೀಚೆ. ಸಾಹಿತ್ಯ ಅತಿ ಕಡಿಮೆ, ಅದೇ ಸಾಲು ಮರಳಿ ಮರಳಿ ಬರುತ್ತದೆ. ಆದರೆ ಒಮ್ಮೆ ಬಂದಂತೆ ಇನ್ನೊಮ್ಮೆ ಬರುವುದಿಲ್ಲ: ಒಂದೆಡೆ ದನಿ ಬಾಗುತ್ತದೆ, ಒಂದೆಡೆ ಏರಿ ನಿಲ್ಲುತ್ತದೆ. ಗದುಗಿನ ಹುಡುಗ ಭೀಮಸೇನ ಜೋಶಿಯನ್ನು ಅಂಗಡಿಯ ಮುಂದೆ ನಿಲ್ಲಿಸಿದ್ದು ಖಾನ್ ಸಾಹೇಬರ ತಟ್ಟೆಯೇ. ಹಾಗೆ ಹಾಡುವುದನ್ನು ಕಲಿಸುವ ಗುರುವನ್ನು ಹುಡುಕಿಕೊಂಡು ಆತ 11ನೇ ವಯಸ್ಸಿಗೆ ಮನೆ ಬಿಟ್ಟ. ಊರೂರು ಅಲೆದು ಕೊನೆಗೆ ಸೇರಿದ್ದು ಖಾನ್ ಸಾಹೇಬರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರನ್ನು. ಗಂಗೂಬಾಯಿಯವರಿಗೂ ಅವರೇ ಗುರು.

ನಮ್ಮ ಅಭ್ಯಾಸ ಪಾಠಗಳಲ್ಲಿ ಧ್ವನಿಮುದ್ರಿಕೆ ಮುಗಿಯುವ ಮೊದಲೇ ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಪ್ರಶ್ನೆ ಬರೆಯತೊಡಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮಕ್ಕಳ ಕಣ್ಣು ಆಗ ಹಲಗೆಯ ಕಡೆ, ಕಿವಿ ಎಲ್ಲಿಯೂ ಇಲ್ಲ. ಈ ಠುಮ್ರಿಯನ್ನು ಏನೂ ಹೇಳದೆ ಒಮ್ಮೆ ಕೇಳಿಸಿ. ಎರಡನೆಯ ಸಲ, ಸಾಲು ಮರಳಿ ಬಂದಾಗಲೆಲ್ಲ ಬೆರಳೆತ್ತಲು ಹೇಳಿ. ಎಲ್ಲಿ ಮನಸ್ಸು ಕಲಕಿತು ಎಂಬ ಮಾತು ಆಮೇಲೆ ಬರಲಿ, ಬಾರದಿದ್ದರೂ ಸರಿ.

1937ರ ಅಕ್ಟೋಬರಿನಲ್ಲಿ ಖಾನ್ ಸಾಹೇಬರು ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದರು. ದಾರಿಯಲ್ಲಿ ಎದೆನೋವು ಕಾಣಿಸಿಕೊಂಡು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಹಾಸಿಸಿ, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿಯಲ್ಲಿ ಪ್ರಾರ್ಥನೆ ಹಾಡುತ್ತ ಅಲ್ಲಿಯೇ ಕಣ್ಣು ಮುಚ್ಚಿದರೆಂದು ಶಿಷ್ಯಪರಂಪರೆ ಹೇಳುತ್ತ ಬಂದಿದೆ. ಅವರ ಸಮಾಧಿ ಮಿರಜದ ದರ್ಗಾದಲ್ಲಿದೆ.