ಮೆಕಿಂಡೋ: ಸುಟ್ಟ ಮುಖಗಳನ್ನು ಊರಿಗೆ ಮರಳಿಸಿದ ಶಸ್ತ್ರವೈದ್ಯ

ಆರ್ಚಿಬಾಲ್ಡ್ ಮೆಕಿಂಡೋ ಹುಟ್ಟಿದ್ದು 1900ರಲ್ಲಿ, ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ. ಲಂಡನ್ನಿನಲ್ಲಿ ಬಂಧು ಹೆರಾಲ್ಡ್ ಗಿಲೀಸ್ ಅವರ ಜೊತೆಗಿದ್ದು ಪ್ಲಾಸ್ಟಿಕ್ ಸರ್ಜರಿ ಕಲಿತರು. 1939ರಲ್ಲಿ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಊರಿನ ಕ್ವೀನ್ ವಿಕ್ಟೋರಿಯಾ ಆಸ್ಪತ್ರೆ ಸೇರಿದರು. ಎರಡನೇ ಮಹಾಯುದ್ಧದಲ್ಲಿ ವಿಮಾನಕ್ಕೆ ಬೆಂಕಿ ಹೊತ್ತಿ ಮುಖ, ಕೈ ಸುಟ್ಟುಕೊಂಡ ಯುವ ಪೈಲಟ್‌ಗಳು ಅಲ್ಲಿಗೆ ಬರತೊಡಗಿದರು.

ಆಗ ಸುಟ್ಟಗಾಯಕ್ಕೆ ಟ್ಯಾನಿಕ್ ಆಮ್ಲ ಹಚ್ಚುವುದು ರೂಢಿ. ಅದು ಗಟ್ಟಿ ಪೊರೆಯಾಗಿ ಬೆರಳು, ರೆಪ್ಪೆಗಳನ್ನು ಬಿಗಿಯುತ್ತಿತ್ತು. ಸಮುದ್ರಕ್ಕೆ ಬಿದ್ದವರ ಗಾಯ ಚೆನ್ನಾಗಿ ಮಾಗುವುದನ್ನು ಗಮನಿಸಿದ ಮೆಕಿಂಡೋ, ಆಮ್ಲ ಬಿಟ್ಟು ಉಪ್ಪುನೀರಿನ ಸ್ನಾನ ತಂದರು. ಬಳಿಕ ರೋಗಿಯದೇ ಚರ್ಮವನ್ನು ಕಸಿ ಮಾಡಿ ರೆಪ್ಪೆ, ಮೂಗುಗಳನ್ನು ಹಂತಹಂತವಾಗಿ ರೂಪಿಸಿದರು.

ಮುಖ ಸರಿಪಡಿಸಿದರೆ ಸಾಲದು, ಅವರು ಜನರ ನಡುವೆ ಓಡಾಡಬೇಕು ಎಂಬುದನ್ನು ಮೆಕಿಂಡೋ ಅರಿತಿದ್ದರು. ರೋಗಿಗಳಿಗೆ ಆಸ್ಪತ್ರೆಯ ಉಡುಪಿನ ಬದಲು ತಮ್ಮದೇ ಬಟ್ಟೆ ತೊಡಲು ಬಿಟ್ಟರು. ಊರಿನವರನ್ನು ಒಪ್ಪಿಸಿ ಅವರನ್ನು ಮನೆಗಳಿಗೆ ಕರೆಯುವಂತೆ ಮಾಡಿದರು. ಯಾರೂ ದಿಟ್ಟಿಸಿ ನೋಡದ ಊರೆಂದು ಈಸ್ಟ್ ಗ್ರಿನ್‌ಸ್ಟೆಡ್ ಹೆಸರಾಯಿತು. 1941ರಲ್ಲಿ ಶುರುವಾದ ರೋಗಿಗಳ ‘ಗಿನಿ ಪಿಗ್ ಕ್ಲಬ್’ನಲ್ಲಿ ಯುದ್ಧ ಮುಗಿಯುವ ವೇಳೆಗೆ 649 ಸದಸ್ಯರಿದ್ದರು. ಮೆಕಿಂಡೋ 1960ರಲ್ಲಿ ತೀರಿಕೊಂಡರು.

ಸಿದ್ದಾಪುರದ ಅಭ್ಯಾಸ ಶಾಲೆಯಲ್ಲಿ ಎಂಟನೇ ತರಗತಿಗೆ ‘ದಹನ ಮತ್ತು ಜ್ವಾಲೆ’ ಪಾಠದ ಮುಕ್ತಾಯ ಹಂತದಲ್ಲಿ ನಾನು ಈ ಜೀವನಕಥೆ ಹೇಳಿದೆ. ನಮ್ಮ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲೂ ಸುಟ್ಟಗಾಯಗಳ ವಾರ್ಡ್ ಇದೆ. ಅಂಥ ವಾರ್ಡಿನಿಂದ ಮನೆಗೆ ಬಂದ ಮಗು ಮತ್ತೆ ಶಾಲೆಗೂ ಬರಬೇಕು. ಚರ್ಮ ಕಸಿ ಮಾಡುವುದು ವೈದ್ಯರ ಕೆಲಸ. ಆ ಮಗುವಿಗೆ ಬೆಂಚಿನಲ್ಲಿ ಸರಿದು ಜಾಗ ಕೊಡುವುದನ್ನು ಉಳಿದ ಮಕ್ಕಳಿಗೆ ಕಲಿಸುವುದು ನಮ್ಮ ಕೆಲಸ.