ಅಂಗಸಾಧಕ ಕೆ. ವಿ. ಅಯ್ಯರ್

ಬೆಂಗಳೂರಿನ ಈಶಾನ್ಯಭಾಗದಲ್ಲಿರುವ ಕಲ್ಯಾಣ ನಗರದಂತಹ ಬಡಾವಣೆಗಳಲ್ಲಿ ಇಂದು ಸಂಜೆ ನಡೆದುಹೋದರೆ, ನಿಲುವುಗನ್ನಡಿಗಳಿಂದ ಹೊಳೆಯುವ ವ್ಯಾಯಾಮಶಾಲೆಗಳು ಕಣ್ಣಿಗೆ ಬೀಳುತ್ತವೆ. ಅಲ್ಲಿ ತರುಣರು ಕಬ್ಬಿಣದ ಭಾರಗಳನ್ನೆತ್ತಿ ಬೆವರು ಸುರಿಸುತ್ತಾರೆ. ಸುಮಾರು ನೂರು ವರ್ಷಗಳ ಹಿಂದೆ ಇದೇ ಊರಿನಲ್ಲಿ ಈ ಸಾಧನೆಗೆ ಭದ್ರವಾದ ತಳಹದಿಯನ್ನು ಹಾಕಿದ ಹಿರಿಯರು ಕೋಲಾರ ವೆಂಕಟೇಶ ಅಯ್ಯರ್. ನಾಡು ಅವರನ್ನು ಕೆ. ವಿ. ಅಯ್ಯರ್ ಎಂದೇ ಬಲ್ಲುದು.

ಅಯ್ಯರ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ ಜನಿಸಿದರು. ಆ ಕಾಲದಲ್ಲಿ ನಮ್ಮ ನಾಡಿನಲ್ಲಿ ಗರಡಿಮನೆಗಳಿಗೆ ಕೊರತೆಯಿರಲಿಲ್ಲ. ಆದರೆ ಗರಡಿಯ ಮಣ್ಣು ಪೈಲ್ವಾನರಿಗೆ, ಪುಸ್ತಕ ವಿದ್ಯಾವಂತರಿಗೆ ಎಂಬ ಭಾವನೆ ಹಲವರಲ್ಲಿ ಬೇರೂರಿತ್ತು. ಅತ್ತ ಯೂರೋಪಿನಲ್ಲಿ ಯೂಜೀನ್ ಸ್ಯಾಂಡೋ ಎಂಬ ಬಲಶಾಲಿಯು ಭಾರವೆತ್ತುವ ಕ್ರಮಬದ್ಧ ವ್ಯಾಯಾಮವನ್ನು ಜನಪ್ರಿಯಗೊಳಿಸಿದ್ದನು.

ಅಯ್ಯರ್ ಅವರು ಪಶ್ಚಿಮದ ಈ ವಿದ್ಯೆಯನ್ನು ಆದರದಿಂದ ಸ್ವೀಕರಿಸಿದರು. ಆದರೆ ಕುರುಡಾಗಿ ಅನುಕರಿಸಲಿಲ್ಲ. ಭಾರವೆತ್ತುವುದರಿಂದ ಮಾಂಸಖಂಡಗಳು ಬಲಿಯುತ್ತವೆ, ನಿಜ. ಆದರೆ ಹೃದಯ, ಶ್ವಾಸಕೋಶ, ಜೀರ್ಣಾಂಗಗಳು ದುರ್ಬಲವಾಗಿದ್ದರೆ ಉಬ್ಬಿದ ತೋಳಿನಿಂದ ಬಂದ ಲಾಭವೇನು? ಆದುದರಿಂದ ಅವರು ಭಾರದ ವ್ಯಾಯಾಮದೊಡನೆ ಯೋಗಾಸನವನ್ನೂ ಸೂರ್ಯನಮಸ್ಕಾರವನ್ನೂ ಕೂಡಿಸಿದರು. ತಮ್ಮ ದೇಹವನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡರು. ಅವರ ಸುಂದರ ಅಂಗಸೌಷ್ಠವದ ಚಿತ್ರಗಳು ವಿದೇಶದ ಪತ್ರಿಕೆಗಳಲ್ಲಿಯೂ ಅಚ್ಚಾದವು.

ಗ್ರೀಕ್ ಪುರಾಣದ ವೀರನ ಹೆಸರಿನಲ್ಲಿ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದರು. ಮುಂದೆ ಜೆ. ಸಿ. ರಸ್ತೆಯಲ್ಲಿ ಅವರ ವ್ಯಾಯಾಮಶಾಲೆ ನೆಲೆಗೊಂಡಿತು. ಮೈಸೂರು ಅರಸರ ಆದರವೂ ಅವರಿಗೆ ದೊರೆಯಿತು. ದೂರದಲ್ಲಿದ್ದವರಿಗೆ ಅಂಚೆಯ ಮೂಲಕವೇ ವ್ಯಾಯಾಮದ ಪಾಠಗಳನ್ನು ಕಳುಹಿಸಿದರು. ಹೀಗೆ ಅಂಗಸಾಧನೆಯು ಓದುವ ತರುಣನ ಮನೆಯಂಗಳಕ್ಕೂ ಬಂದಿತು.

ದೇಹವನ್ನು ಬೆಳೆಸಿದವರು ಬುದ್ಧಿಯನ್ನು ಮರೆಯುವರೆಂಬ ಮಾತನ್ನು ಅಯ್ಯರ್ ಅವರ ಬಾಳು ಸುಳ್ಳಾಗಿಸಿತು. ನಾಟಕಕಾರ ಟಿ. ಪಿ. ಕೈಲಾಸಂ ಅವರಿಗೆ ಆಪ್ತಮಿತ್ರರು. ‘ಶಾಂತಲಾ’, ‘ರೂಪದರ್ಶಿ’ ಎಂಬ ಕಾದಂಬರಿಗಳಿಂದ ಅವರು ಕನ್ನಡ ಸಾಹಿತ್ಯದಲ್ಲಿಯೂ ಸ್ಥಾನ ಪಡೆದರು. ‘ರೂಪದರ್ಶಿ’ಯಲ್ಲಿ ಕಲಾವಿದ ಮೈಕೆಲೇಂಜಲೋ ಬಾಲಯೇಸುವಿನ ಚಿತ್ರಕ್ಕಾಗಿ ನಿರ್ಮಲ ಮುಖದ ಬಾಲಕನೊಬ್ಬನನ್ನು ಕಂಡುಕೊಳ್ಳುತ್ತಾನೆ. ಎಷ್ಟೋ ವರ್ಷಗಳ ಮೇಲೆ ದ್ರೋಹಿ ಜೂದಾಸನ ಚಿತ್ರಕ್ಕೆ ತಕ್ಕ ಕ್ರೂರ ಮುಖವನ್ನು ಹುಡುಕಿದಾಗ, ದೊರೆತವನು ಅದೇ ಬಾಲಕ! ನಡುವಿನ ವರ್ಷಗಳ ಬದುಕು ಆ ಮುಖವನ್ನು ಹಾಗೆ ತಿದ್ದಿತ್ತು. ತರುಣರ ಶರೀರಗಳನ್ನು ರೂಪಿಸುತ್ತಿದ್ದ ಕೈಯೇ ಈ ಕಥೆಯನ್ನು ಬರೆದುದು ಅರ್ಥಪೂರ್ಣವಾಗಿದೆ.

ಅಯ್ಯರ್ ಅವರು 1980ರಲ್ಲಿ ನಿಧನರಾದರು. ಅವರು ಎತ್ತಿಹಿಡಿದ ವಿಚಾರ ಮಾತ್ರ ಹಳತಾಗಿಲ್ಲ. ಹದಿಹರೆಯದವರು ದಿನಕ್ಕೆ ಕನಿಷ್ಠ 60 ನಿಮಿಷ ಮೈದಣಿಸಬೇಕು, 8ರಿಂದ 10 ಗಂಟೆ ನಿದ್ರಿಸಬೇಕು ಎಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ. ಆದರೆ ಕೆಲವು ತರುಣರು ತೆರೆಯ ಮೇಲಿನ ನಟನ ಮೈಕಟ್ಟಿನೊಡನೆ ತಮ್ಮ ಮೈಯನ್ನು ಹೋಲಿಸಿಕೊಂಡು ನಾಚುತ್ತಾರೆ. ಬೇಗನೆ ಉಬ್ಬುವ ಆಸೆಯಿಂದ ಹಾನಿಕರವಾದ ಔಷಧಗಳಿಗೆ ಕೈಚಾಚುತ್ತಾರೆ. ಅವುಗಳಿಂದ ಹೃದಯಕ್ಕೂ ಯಕೃತ್ತಿಗೂ ಕೇಡು. ಬೆಳೆಯುವ ವಯಸ್ಸಿನಲ್ಲಿ ಎತ್ತರವೂ ಕುಂಠಿತವಾಗಬಹುದು. ಮನಸ್ಸು ಕುಗ್ಗಿದಾಗ ಮೌನವಾಗಿ ಸಹಿಸುವುದೇ ಗಂಡಸುತನವೆಂದು ಭಾವಿಸುವವರೂ ಉಂಟು. ಹಿರಿಯರೊಡನೆ ತೋಡಿಕೊಳ್ಳುವುದು ದೌರ್ಬಲ್ಯವಲ್ಲ, ಅದೂ ಆರೋಗ್ಯಸಾಧನೆಯೇ.

ನಿತ್ಯದ ಸಣ್ಣ ಸಣ್ಣ ಅಭ್ಯಾಸಗಳು ಉಳಿಯಂತೆ ನಮ್ಮನ್ನು ಕಡೆಯುತ್ತಿರುತ್ತವೆ. ಆ ಉಳಿಯನ್ನು ಹಿಡಿದಿರುವ ಕೈ ನಮ್ಮದೇ ಎಂಬುದನ್ನು ಅಯ್ಯರ್ ಅವರ ಜೀವನ ನಮಗೆ ನೆನಪಿಸುತ್ತದೆ.