ಗಣಿತಸಾರಸಂಗ್ರಹದ ಮಹಾವೀರಾಚಾರ್ಯರು

ಉಮರಗಾ, ನಿಲಂಗಾ, ಉದಗೀರಗಳ ಈ ಗಡಿಸೀಮೆ ಒಂದು ಕಾಲದಲ್ಲಿ ರಾಷ್ಟ್ರಕೂಟರ ಆಳ್ವಿಕೆಗೆ ಒಳಪಟ್ಟಿತ್ತು. ತಮ್ಮನ್ನು ಲತ್ತಲೂರಿನ ಒಡೆಯರೆಂದು ಕರೆದುಕೊಂಡ ಆ ಅರಸರ ಮೂಲಸ್ಥಳ ಇಂದಿನ ಲಾತೂರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅವರ ರಾಜಧಾನಿ ಮಾನ್ಯಖೇಟವು ಕಲಬುರಗಿ ಜಿಲ್ಲೆಯ ಮಳಖೇಡ. ಆ ವಂಶದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರ ವೇಳೆಗೆ, ಬಾಳಿದ ಜೈನ ವಿದ್ವಾಂಸರು ಮಹಾವೀರಾಚಾರ್ಯರು.

ಅದುವರೆಗೆ ಗಣಿತವು ಬಹುಮಟ್ಟಿಗೆ ಜ್ಯೋತಿಷ ಗ್ರಂಥಗಳ ಒಂದು ಅಂಗವಾಗಿತ್ತು. ಆಚಾರ್ಯರು ಅದನ್ನು ಸ್ವತಂತ್ರ ಶಾಸ್ತ್ರವಾಗಿ ನಿಲ್ಲಿಸಿ, ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. ವ್ಯಾಪಾರ, ವೈದ್ಯ, ಸಂಗೀತ, ಪಾಕ, ವಾಸ್ತು ಮೊದಲಾದ ಎಲ್ಲ ವಿದ್ಯೆಗಳಿಗೂ ಲೆಕ್ಕವೇ ಆಧಾರವೆಂಬುದು ಅವರ ನಿಲುವು.

ಗ್ರಂಥದ ಮಿಶ್ರಕ ವ್ಯವಹಾರವೆಂಬ ಭಾಗದಲ್ಲಿ ಎರಡು ವಿಷಯಗಳು ನಮ್ಮ ಗಮನ ಸೆಳೆಯುತ್ತವೆ. ಒಂದು, ಬಡ್ಡಿಯ ಲೆಕ್ಕ: ಅಸಲು ಬಡ್ಡಿಗಳು ಕೂಡಿದ ಮೊತ್ತದಿಂದ ಅವನ್ನು ಬೇರ್ಪಡಿಸುವ ಕ್ರಮ. ಶೇಕಡ 10ರ ದರದಲ್ಲಿ ವರ್ಷದ ಕೊನೆಗೆ ಬರುವ 110 ರೂಪಾಯಿಯ ಇಂದಿನ ಬೆಲೆ 100 ಎಂದು ತಿಳಿಯುವುದು ಇದೇ ಬಗೆಯ ವಿಚಾರ. ಇನ್ನೊಂದು, ಆಯ್ಕೆಗಳ ಎಣಿಕೆ: ಆರು ರಸಗಳನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದೆಂಬ ಲೆಕ್ಕ. ಮೂರು ಮೂರಾಗಿ ಆಯ್ದರೆ 20 ಬಗೆ. ಒಂದರಿಂದ ಆರರವರೆಗಿನ ಎಲ್ಲವೂ ಸೇರಿ 63. ಇದಕ್ಕೆ ಅವರು ಸಾಮಾನ್ಯ ಸೂತ್ರವನ್ನೇ ಕೊಟ್ಟರು.

ಇಂದಿನ ಜೀವವಿಮಾ ಗಣಿತದಲ್ಲಿ ಈ ಎರಡು ಎಳೆಗಳೂ ಕೂಡುತ್ತವೆ. ಹತ್ತು ಜನರಲ್ಲಿ ಯಾವ ಇಬ್ಬರು ತೀರಿಕೊಳ್ಳಬಹುದೆಂಬುದಕ್ಕೆ 45 ಬಗೆಗಳಿವೆ. ಆ ಎಣಿಕೆಯಿಂದ ಸಂಭವದ ಲೆಕ್ಕ ಬೆಳೆಯುತ್ತದೆ. ಮುಂದೆ ಕುಟುಂಬಕ್ಕೆ ಸಲ್ಲಬೇಕಾದ ಹಣದ ಇಂದಿನ ಬೆಲೆಯನ್ನು ಬಡ್ಡಿಯ ಲೆಕ್ಕ ತಿಳಿಸುತ್ತದೆ. ಇವೆರಡರಿಂದ ವಿಮೆಯ ಕಂತು ನಿರ್ಧಾರವಾಗುತ್ತದೆ. ಆಚಾರ್ಯರು ವಿಮೆಯನ್ನು ಕಂಡವರಲ್ಲ. ಮರಣದ ಅಂಕಿಅಂಶಗಳಿಂದ ಎಡ್ಮಂಡ್ ಹ್ಯಾಲಿ ಆಯುಷ್ಯದ ಕೋಷ್ಟಕವನ್ನು ಪ್ರಕಟಿಸಿದ್ದು 1693ರಲ್ಲಿ. ಆದರೆ ಆ ಶಾಸ್ತ್ರಕ್ಕೆ ಬೇಕಾದ ಎರಡು ಸಾಧನಗಳು ಅದಕ್ಕೂ ಎಂಟು ಶತಮಾನಗಳ ಹಿಂದೆಯೇ ಈ ನೆಲದಲ್ಲಿ ಪಾಠವಾಗಿದ್ದವು.

ಗ್ರಂಥವು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನಿಂದ ತೆಲುಗಿಗೆ ಬಂದಿತು. ಕನ್ನಡ ವ್ಯಾಖ್ಯಾನಗಳೊಡನೆ ಹಸ್ತಪ್ರತಿಗಳಲ್ಲಿ ಉಳಿಯಿತು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚಾಗಿ ಲೋಕದ ವಿದ್ವಾಂಸರ ಕೈಸೇರಿತು.

ಕನ್ನಡದಲ್ಲಿ ಓದಿದ ಮಗುವಿಗೆ ಉನ್ನತ ಗಣಿತ ದಕ್ಕುವುದೇ ಎಂಬ ಅಳುಕು ಗಡಿನಾಡಿನ ಅನೇಕ ಪಾಲಕರಲ್ಲಿದೆ. ಕಠಿಣ ಶಾಸ್ತ್ರವನ್ನು ತಮ್ಮ ಮಾತಿನಲ್ಲಿ ಬಿಡಿಸಿ ಹೇಳಿದ ಆ ವ್ಯಾಖ್ಯಾನಕಾರರು ಅದಕ್ಕೆ ಎಂದೋ ಉತ್ತರ ಕೊಟ್ಟಿದ್ದಾರೆ. ನೂರು ವರ್ಷ ತುಂಬಿದ ನಮ್ಮ ಶಾಲೆಯ ಕೆಲಸವೂ ಅದೇ ಆಗಿದೆ.